ಟ್ರ್ಯಾಕ್ಟರು ಹಾರಿದ ಭಾನುವಾರ

ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರು ಮೋಡ ನೋಡುತ್ತಾರೆ. ನಾನು ನೆಲ ನೋಡುತ್ತೇನೆ, ಅದೂ ವಿಮಾನ ಹೊರಡುವ ಮುಂಚೆ. ಪ್ರಯಾಣಿಕರ ಸಾಮಾನು ತುಂಬಿದ ಮೂರು ನಾಲ್ಕು ಟ್ರಾಲಿಗಳನ್ನು ಒಂದರ ಹಿಂದೊಂದು ಕಟ್ಟಿಕೊಂಡು ಒಂದು ಪುಟ್ಟ ಟ್ರ್ಯಾಕ್ಟರು ಬರುತ್ತದಲ್ಲ, ಅದು ಸಾಮಾನು ಕೊಟ್ಟು ವಾಪಸ್ಸು ಹೋಗುವ ತನಕ ನನಗೆ ಸಮಾಧಾನವಿಲ್ಲ. ಹೋಯಿತಾ? ಪೂರ್ತಿ ಹೋಯಿತಾ? ಯಾವ ಟ್ರಾಲಿಯೂ ವಿಮಾನಕ್ಕೆ ಸಿಕ್ಕಿಕೊಂಡಿಲ್ಲ ತಾನೆ? ಎಂದು ಕತ್ತು ಉದ್ದ ಮಾಡಿ ನೋಡುತ್ತೇನೆ. ಮೊನ್ನೆ ಹೀಗೆ ನೋಡುತ್ತಾ ನೋಡುತ್ತಾ ಕಿಸಕ್ಕನೆ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಹಿರಿಯರು ಮೆಲ್ಲಗೆ ತಮ್ಮ ಬ್ಯಾಗನ್ನು ಆ ಕಡೆಗೆ ಸರಿಸಿಕೊಂಡರು. ಅವರಿಗೆ ವಿಷಯ ಹೇಳೋಣವೆಂದರೆ ಒಂದೂವರೆ ಗಂಟೆಯ ಪ್ರಯಾಣ ಸಾಲುವುದಿಲ್ಲ ಅನಿಸಿತು. ನಿಮಗಾದರೆ ಹೇಳಬಹುದು. ನಿಮಗೇನು, ಎಲ್ಲೂ ಇಳಿಯುವ ಅವಸರವಿಲ್ಲ.

ನಮ್ಮದು ವಿಜಯಪುರ. ಈಗೀಗ ಊರ ಹೆಸರು ಹೇಳಿದ ಕೂಡಲೇ ಜನ ಗೋಲಗುಮ್ಮಟದ ಬಗ್ಗೆ ಕೇಳುತ್ತಾರೆ. ಅಲ್ಲ ಸ್ವಾಮಿ, ಇದು ದೇವನಹಳ್ಳಿ ತಾಲ್ಲೂಕಿನದು. ಗುಮ್ಮಟವಿಲ್ಲ, ರೇಷ್ಮೆ ಇದೆ. ಮನೆಯ ಹಿಂದೆಯೇ ಅಪ್ಪನದೊಂದು ಶೆಡ್ಡು, ಅದರೊಳಗೆ ರೇಷ್ಮೆ ನೂಲಿಗೆ ಹುರಿ ಹಾಕುವ ಮಿಷನ್ನುಗಳು. ಬೆಳಗಿನಿಂದ ಸಂಜೆಯವರೆಗೆ ಅವುಗಳ ಗರ್ರೋ ಎನ್ನುವ ಸದ್ದು ನಿಲ್ಲುತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಯಾರಿಗೂ ಮೆಲ್ಲಗೆ ಮಾತನಾಡುವ ಅಭ್ಯಾಸವೇ ಇರಲಿಲ್ಲ. ಉಪ್ಪು ಕೇಳುವುದೂ ಕೂಗಿಯೇ, ಗುಟ್ಟು ಹೇಳುವುದೂ ಕೂಗಿಯೇ. ನನ್ನ ಪರೀಕ್ಷೆಯ ನಂಬರುಗಳು ಇಡೀ ಬೀದಿಗೆ ಗೊತ್ತಿರುತ್ತಿದ್ದದ್ದು ಹೀಗೆ.

ಈ ಸದ್ದಿನ ನಡುವೆ ಬೆಳೆದದ್ದು ನನ್ನ ಅಕ್ಕ ಶೈಲಜಳ ನಗು. ಪಿಯುಸಿ ಮುಗಿಸಿದ ಮೇಲೆ ಅವಳು ಶೆಡ್ಡಿನಲ್ಲಿ ಅಪ್ಪನಿಗೆ ಕೈಜೋಡಿಸಿದ್ದಳು. ಎಂಟು ಮಿಷನ್ನುಗಳ ಮೇಲಿಂದ ಕೇಳಿಸಬೇಕಾದ ನಗು ಎಷ್ಟು ದೊಡ್ಡದಿರಬೇಕೋ ಅಷ್ಟು ದೊಡ್ಡದಾಗಿ ಅದು ಬೆಳೆದಿತ್ತು. ಮೊದಲು ಒಂದು ಚೀತ್ಕಾರ, ಆಮೇಲೆ ಉಸಿರೇ ಇಲ್ಲದ ಒಂದು ನಿಶ್ಶಬ್ದ, ಸತ್ತೇ ಹೋದಳೇನೋ ಎಂದು ನಾವು ಹೆದರುವಷ್ಟರಲ್ಲಿ ಗಹಗಹ ಗಹಗಹ ಎಂದು ಒಂದು ಪ್ರವಾಹ. ನಡುನಡುವೆ ಎದುರಿಗಿದ್ದವರ ತೋಳಿಗೆ ಏಟು. ಅವಳ ಪಕ್ಕ ಕೂತು ಟೀವಿ ನೋಡಿದ ದಿನ ನನ್ನ ಎಡತೋಳು ಊದಿಕೊಂಡಿರುತ್ತಿತ್ತು.

ಆದರೆ ಒಂದು ವಿಚಿತ್ರವಿತ್ತು. ನಗಿಸಲೆಂದೇ ಮಾಡಿದ ಯಾವುದಕ್ಕೂ ಅವಳಿಗೆ ನಗು ಬರುತ್ತಿರಲಿಲ್ಲ. ಟೀವಿಯ ಹಾಸ್ಯ ಕಾರ್ಯಕ್ರಮವನ್ನು ಸಂತಾಪ ಸಭೆಗೆ ಬಂದವಳ ಹಾಗೆ ನೋಡುತ್ತಿದ್ದಳು. ತಾನು ತಮಾಷೆಯಾಗಿದ್ದೇನೆ ಎಂಬುದು ಗೊತ್ತೇ ಇಲ್ಲದ, ಬಹಳ ಗಂಭೀರವಾಗಿರುವ ವಸ್ತುವೋ ಮನುಷ್ಯನೋ ಅವಳಿಗೆ ಬೇಕು. ಇದರಿಂದಲೇ ಒಂದು ಸಂಬಂಧ ಕೈತಪ್ಪಿತ್ತು. ಅವಳನ್ನು ನೋಡಲು ಮೊದಲು ಬಂದವರಲ್ಲಿ ಹುಡುಗನ ದೊಡ್ಡಪ್ಪ ಒಬ್ಬರಿದ್ದರು, ಭಾರಿ ಆಸಾಮಿ. ಅವರು ನಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಕ್ಷತ್ರ, ಪಾದ, ರಾಶಿ ಎಂದು ವಿವರಿಸುತ್ತಿದ್ದರು. ಕುರ್ಚಿಯ ನಾಲ್ಕೂ ಕಾಲುಗಳು ನಿಧಾನವಾಗಿ ಅಗಲವಾಗತೊಡಗಿದವು. ಅವರು ಮಾತು ನಿಲ್ಲಿಸಲಿಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ ಎನ್ನುತ್ತಾ ಎನ್ನುತ್ತಾ ಇಳಿದು ಇಳಿದು ರೋಹಿಣಿಯ ಹೊತ್ತಿಗೆ ನೆಲ ಮುಟ್ಟಿದರು. ಅಕ್ಕನ ಚೀತ್ಕಾರ ಕೇಳಿ ಶೆಡ್ಡಿನವರು ಯಾರಿಗೋ ಕರೆಂಟು ಹೊಡೆಯಿತೆಂದು ಮೇನ್ ಸ್ವಿಚ್ಚು ಆಫ್ ಮಾಡಿದರು. ಆ ಕಡೆಯವರು ಮತ್ತೆ ಫೋನು ಮಾಡಲಿಲ್ಲ. ಅಂದಿನಿಂದ ಅಪ್ಪನಿಗೆ ಅವಳ ನಗುವೆಂದರೆ ಒಂದು ದಿಗಿಲು ಹಿಡಿದಿತ್ತು.

ಇಂಥ ಅಕ್ಕನಿರುವ ಮನೆಗೆ ನಾನು ಕಂಪ್ಯೂಟರು ತಂದೆ. ಓದಿಗೆ ಎಂದು ಅಪ್ಪನಿಗೆ ಹೇಳಿದ್ದೆ; ಮುಚ್ಚಿಹೋದ ಒಂದು ಬ್ರೌಸಿಂಗ್ ಸೆಂಟರಿನ ಹಳೆಯ ಯಂತ್ರ. ಬೆಂಗಳೂರಿನ ಫುಟ್‌ಪಾತಿನಿಂದ ಆಟಗಳ ಸೀಡಿ ಬಂದವು. ಎಲ್ಲ ಕದ್ದ ಪ್ರತಿಗಳು, ಎಲ್ಲವೂ ಎಲ್ಲೋ ಒಂದು ಕಡೆ ಕೆಟ್ಟವು. ಕ್ರಿಕೆಟ್ಟಿನಲ್ಲಿ ನಾನು ಬೋಲ್ಡ್ ಆದರೆ ವೀಕ್ಷಕ ವಿವರಣೆಯವನು ಎಂಥ ಅದ್ಭುತ ಹೊಡೆತ ಎಂದು ಇಂಗ್ಲಿಷಿನಲ್ಲಿ ಭಾವುಕನಾಗುತ್ತಿದ್ದ. ಒಬ್ಬ ಫೀಲ್ಡರು ಚೆಂಡು ಹಿಡಿದುಕೊಂಡು ಓಡುತ್ತಾ ಓಡುತ್ತಾ ಬೌಂಡರಿ ದಾಟಿ, ಪ್ರೇಕ್ಷಕರನ್ನು ದಾಟಿ ಹೋದವನು ವಾಪಸ್ಸು ಬರಲೇ ಇಲ್ಲ. ಉಳಿದ ಹತ್ತು ಜನ ಮೈದಾನದಲ್ಲಿ ಕಾಯುತ್ತಾ ನಿಂತರು. ನಾವೂ ಊಟ ಮಾಡಿ ಬಂದು ನೋಡಿದೆವು, ಇನ್ನೂ ನಿಂತಿದ್ದರು. ಕಾರಿನ ಆಟದಲ್ಲಿ ನನ್ನನ್ನು ಅಟ್ಟಿಸಿಕೊಂಡು ಬರುವ ಪೊಲೀಸಿನವನು ಪ್ರತಿ ಸಲವೂ ತಿರುವಿನಲ್ಲಿ ನೆಟ್ಟಗೆ ಹೋಗಿ ಕೆರೆಗೆ ಬೀಳುತ್ತಿದ್ದ. ಅಮ್ಮ ಅದನ್ನು ಎರಡು ದಿನ ನೋಡಿ, ಮೂರನೆಯ ದಿನ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದರು.

"ಆ ಆಟ ಆಡ್ಬೇಡ ಕಣೋ ಮಂಜು. ಪಾಪ, ಅವನಿಗೂ ಹೆಂಡ್ತಿ ಮಕ್ಳು ಇರಲ್ವಾ? ದಿನಾ ನೀರಿಗೆ ಬೀಳ್ತಾನೆ."

ಆ ಆಟ ನಿಂತಿತು. ಆಮೇಲೆ ಬಂದದ್ದು ವಿಮಾನದ ಆಟ.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಗಿ ಒಂದೆರಡು ವರ್ಷವಾಗಿತ್ತಷ್ಟೆ. ಭಾನುವಾರ ಜನ ಪುಳಿಯೋಗರೆ ಕಟ್ಟಿಕೊಂಡು ಹೋಗಿ ಕಾಂಪೌಂಡಿನ ಹೊರಗೆ ಕೂತು ವಿಮಾನ ಎಣಿಸಿ ಬರುತ್ತಿದ್ದ ಕಾಲ ಅದು. ಕಂಪ್ಯೂಟರಿನೊಳಗೇ ವಿಮಾನ ಎಂದಾಗ ಅಪ್ಪನೂ ಒಂದು ಗಳಿಗೆ ನಿಂತು ನೋಡಿದರು. ಆಟ ಚೆನ್ನಾಗಿಯೇ ಇತ್ತು, ವಿಮಾನ ಮೇಲಿರುವಷ್ಟು ಹೊತ್ತು. ಇಳಿಸಿದರೆ ತೊಂದರೆ. ಏಣಿ ಬಂದು ಬಾಗಿಲಿಗಿಂತ ಹತ್ತಡಿ ಆಚೆ ನಿಲ್ಲುತ್ತಿತ್ತು. ಪ್ರಯಾಣಿಕರು ಅದರ ಗೊಡವೆಯೇ ಇಲ್ಲದೆ ಬ್ಯಾಗು ಹಿಡಿದು ಗಾಳಿಯಲ್ಲಿ ಸಾಲಾಗಿ ನಡೆದು ಹೋಗುತ್ತಿದ್ದರು. ಆಮೇಲೆ ಸಾಮಾನಿನ ಟ್ರ್ಯಾಕ್ಟರು ಬರುತ್ತಿತ್ತು. ಅದು ಹೊರಟುಹೋಗುವ ಮುಂಚೆ ನೀವೇನಾದರೂ ವಿಮಾನ ಎಬ್ಬಿಸಿದಿರೋ, ಟ್ರ್ಯಾಕ್ಟರು ಮೂರು ಟ್ರಾಲಿಗಳ ಸಮೇತ ವಿಮಾನಕ್ಕೆ ಅಂಟಿಕೊಂಡು ತಾನೂ ಮೇಲೇಳುತ್ತಿತ್ತು. ಮೋಡಗಳ ನಡುವೆ ಟ್ರ್ಯಾಕ್ಟರು. ಅದರ ಮೇಲೆ ಡ್ರೈವರು. ಎರಡೂ ಕೈ ಸ್ಟಿಯರಿಂಗ್ ಮೇಲೆ, ದೃಷ್ಟಿ ನೇರ ಮುಂದಕ್ಕೆ, ಮುಖದಲ್ಲಿ ಗಾಬರಿಯ ಸುಳಿವಿಲ್ಲ. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಅವನು ಬಲಕ್ಕೆ ತಿರುಗಲು ಇಂಡಿಕೇಟರು ಹಾಕುತ್ತಿದ್ದ.

ಆ ಇಂಡಿಕೇಟರಿಗೆ ಅಕ್ಕ ಮೊದಲ ಸಲ ನಕ್ಕಾಗ ಅಮ್ಮ ಅವಳ ತಲೆಗೆ ನೀರು ತಟ್ಟಬೇಕಾಯಿತು. ಆಮೇಲೆ ಶೆಡ್ಡಿನಿಂದ ದಣಿದು ಬಂದ ದಿನವೆಲ್ಲ "ಅವನ್ನ ಒಂದ್ಸಲ ಮೇಲ್ ಕಳ್ಸೋ" ಎನ್ನುತ್ತಿದ್ದಳು. ಎಷ್ಟು ಸಲ ನೋಡಿದರೂ ಅಷ್ಟೇ ನಗು. ಆ ಆಟ ಬರೆದ ಪರದೇಶದ ಪುಣ್ಯಾತ್ಮರು ಅದರಲ್ಲಿ ಒಂದು ತಪ್ಪು ಉಳಿಸಿ ನಮ್ಮ ಮನೆಗೆ ಏನು ಕೊಟ್ಟರೆಂದು ಅವರಿಗೆ ಇಂದಿಗೂ ಗೊತ್ತಿರಲಾರದು.

ಆಗ ಬಂದಿತು ಎರಡನೆಯ ಸಂಬಂಧ. ತಂದವರು ಅಮ್ಮನ ತಮ್ಮ ಗೋವಿಂದ ಮಾವ. ನಂದಗುಡಿ ಕಡೆಯ ಹುಡುಗ, ಹೆಸರು ಲೋಕೇಶ, ಏರ್‌ಪೋರ್ಟಿನಲ್ಲಿ ಕೆಲಸ. ಆ ದಿನಗಳಲ್ಲಿ ನಮ್ಮ ಕಡೆ 'ಏರ್‌ಪೋರ್ಟಿನಲ್ಲಿ ಕೆಲಸ' ಅಂದರೆ ಮುಗಿಯಿತು, ಎಂಥ ಕೆಲಸ ಎಂದು ಕೇಳುವುದು ಮರ್ಯಾದೆಯಲ್ಲ. ಅಪ್ಪ ಆದರೂ ಮೆಲ್ಲಗೆ, ಅಂದರೆ ಕೂಗಿ, ಕೇಳಿದರು.

"ಭಾವ, ಒಂದೇ ಮಾತಲ್ಲಿ ಹೇಳ್ತೀನಿ," ಎಂದರು ಮಾವ. "ಆ ಹುಡುಗ ಬರ್ದೇ ಇದ್ರೆ ವಿಮಾನ ಹೊರಡಂಗಿಲ್ಲ. ಅಷ್ಟೇ ತಿಳ್ಕೊಳಿ."

ಅಪ್ಪ ಪೈಲಟ್ಟಿಗಿಂತ ಒಂದು ಮೆಟ್ಟಿಲು ಕೆಳಗೆ, ಅಥವಾ ಒಂದು ಮೆಟ್ಟಿಲು ಮೇಲೆ ಎಂದೇನೋ ಊಹಿಸಿಕೊಂಡಿರಬೇಕು.

ಭಾನುವಾರ ಬೆಳಿಗ್ಗೆ ಹುಡುಗ, ಅವನ ತಂದೆ ತಾಯಿ ಬಂದರು. ಬಂದವರಿಗೆ ಮಾತು ಕೇಳಿಸಲೆಂದು ಅಪ್ಪ ಎಂಟೂ ಮಿಷನ್ನು ನಿಲ್ಲಿಸಿದ್ದರು. ಮನೆಯಲ್ಲಿ ಎಂಥ ನಿಶ್ಶಬ್ದವೆಂದರೆ ಉಪ್ಪಿಟ್ಟು ಅಗಿಯುವುದೂ ಕೇಳುತ್ತಿತ್ತು. ಅಮ್ಮ ಅಕ್ಕನಿಗೆ ಹಿಂದಿನ ದಿನದಿಂದಲೇ ಒಂದೇ ಮಂತ್ರ ಹೇಳಿಕೊಟ್ಟಿದ್ದರು: ಕೇಳಿದ್ದಕ್ಕೆ ಉತ್ತರ ಕೊಡು, ನೆಲ ನೋಡು, ನಗಬೇಡ. ಅಪ್ಪ ಬೇರೆಯಾಗಿ ಕರೆದು, "ನಿನ್ ಕೈ ಮುಗೀತೀನಿ ಕಣಮ್ಮ, ಇವತ್ತೊಂದಿನ," ಎಂದಿದ್ದರು. ಅಕ್ಕ ಕಾಫಿ ಕೊಟ್ಟು ಚಾಪೆಯ ಮೇಲೆ ಅಮ್ಮನ ಪಕ್ಕ ಕೂತಳು. ಮಳೆ, ರಾಗಿ, ರೇಷ್ಮೆಗೂಡು ಎಲ್ಲ ಮಾತೂ ಹತ್ತು ನಿಮಿಷದಲ್ಲಿ ಖರ್ಚಾದವು. ಹುಡುಗ ತನ್ನ ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕ್ಯಾಲೆಂಡರು ಓದುತ್ತಿದ್ದ. ಆಗ ಗೋವಿಂದ ಮಾವನಿಗೆ ಎಂಥದ್ದೋ ಪ್ರೇರಣೆಯಾಯಿತು.

"ಲೋ ಮಂಜು, ನಿನ್ ವಿಮಾನದ ಆಟ ತೋರ್ಸಲಾ. ಅವ್ರು ಆ ಲೈನಿನೋರು, ಖುಷಿ ಪಡ್ತಾರೆ."

"ಹೂಂ, ಹಾಕು ಹಾಕು," ಎಂದರು ಅಪ್ಪ. ನಾವೂ ವಿಮಾನ ಬಲ್ಲವರು ಎಂದು ತೋರಿಸಿಕೊಳ್ಳುವ ಆಸೆ ಅವರಿಗೆ. ಅಕ್ಕ ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದಳು. ಬೇಡ ಕಣೋ ಎಂಬುದು ಆ ಕಣ್ಣುಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು.

ನಾನು ಆಟ ಹಾಕಿದೆ, ಬೇರೆ ದಾರಿಯಿರಲಿಲ್ಲ. ಆದರೆ ಮನಸ್ಸಿನಲ್ಲಿ ಒಂದು ಉಪಾಯ ಮಾಡಿಕೊಂಡಿದ್ದೆ: ವಿಮಾನವನ್ನು ಇಳಿಸುವುದೇ ಇಲ್ಲ. ಮೇಲಿರುವ ತನಕ ಎಲ್ಲ ಸುಸೂತ್ರ. ಬೆಟ್ಟದ ಮೇಲೆ ಒಂದು ಸುತ್ತು, ಸಮುದ್ರದ ಮೇಲೆ ಒಂದು ಸುತ್ತು, ಮತ್ತೆ ಅದೇ ಬೆಟ್ಟ, ಅದೇ ಸಮುದ್ರ. ಏಳನೆಯ ಸುತ್ತಿಗೆ ಹುಡುಗನ ತಂದೆ ಬಾಯಿ ಬಿಟ್ಟರು.

"ಎಷ್ಟೊತ್ತಪ್ಪಾ ಸುತ್ತುಸ್ತೀಯ? ಒಳಗಿರೋರು ಉಚ್ಚೆಗಿಚ್ಚೆಗೆ ಹೋಗ್ಬೇಡ್ವಾ? ಇಳ್ಸು ಅತ್ಲಾಗೆ."

ಇಳಿಸಿದೆ. ಏಣಿ ಬಂದು ಹತ್ತಡಿ ಆಚೆ ನಿಂತಿತು. ಜನ ಗಾಳಿಯಲ್ಲಿ ನಡೆದರು. ನಾನು ಓರೆಗಣ್ಣಿನಲ್ಲಿ ಅಕ್ಕನನ್ನು ನೋಡಿದೆ: ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ಅಲ್ಲಿಯ ತನಕ ಕ್ಯಾಲೆಂಡರಿನಲ್ಲಿದ್ದ ಹುಡುಗ ಕುರ್ಚಿಯನ್ನು ಸರ್ರನೆ ಮುಂದಕ್ಕೆ ಎಳೆದುಕೊಂಡ.

"ಏಣಿ ಹಂಗ್ ನಿಲ್ಲಂಗಿಲ್ಲ," ಎಂದ. ಅವನು ನಮ್ಮ ಮನೆಯಲ್ಲಿ ಆಡಿದ ಮೊದಲ ಮಾತು ಅದು. ಅಷ್ಟರಲ್ಲಿ ಟ್ರ್ಯಾಕ್ಟರು ಕಾಣಿಸಿತು. ಅವನ ದನಿ ಏರಿತು. "ನೋಡಿ, ನೋಡಿ, ಹೆಂಗ್ ಬರ್ತಾವ್ನೆ! ವಿಮಾನದ ಹತ್ರ ಬರೋಕ್ ಮುಂಚೆ ಒಂದ್ಸಲ ನಿಲ್ಸಿ ಬ್ರೇಕ್ ನೋಡ್ಬೇಕು. ಯಾರಿವ್ನಿಗೆ ಗಾಡಿ ಓಡ್ಸೋ ಪಾಸ್ ಕೊಟ್ಟೋರು?"

ಅಪ್ಪನಿಗೆ ಭಾರಿ ಸಂತೋಷವಾಯಿತು. "ಎಷ್ಟು ಚೆನ್ನಾಗ್ ತಿಳ್ಕೊಂಡಿದೀರ! ಇವೆಲ್ಲ ಹೆಂಗ್ ಗೊತ್ತು ನಿಮಗೆ?"

"ನಾನ್ ಓಡ್ಸೋದೇ ಅದು ಸಾರ್," ಎಂದ ಲೋಕೇಶ.

ಉಪ್ಪಿಟ್ಟು ಅಗಿಯುವ ಸದ್ದೂ ನಿಂತಿತು. ಗೋವಿಂದ ಮಾವ ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದರು. ಅಪ್ಪನ ಮುಖದಲ್ಲಿ ಪೈಲಟ್ಟು, ಆಫೀಸರು, ಸೂಪರ್‌ವೈಸರು ಎಲ್ಲರೂ ಒಬ್ಬೊಬ್ಬರಾಗಿ ಇಳಿದು ಹೋದರು. ಹುಡುಗನಿಗೆ ಅದು ಕಂಡಿತೆಂದು ನನಗನಿಸುತ್ತದೆ. ಅವನ ಕಿವಿ ಕೆಂಪಾದವು. ಈ ಇಕ್ಕಟ್ಟಿನಿಂದ ಪಾರಾಗಲು ಮಾವ ಕೂಗಿದರು: "ಎಬ್ಸೋ ಮಂಜು, ಎಬ್ಸೋ! ಮೇಲ್ ಹೋಗೋದ್ ತೋರ್ಸೋ!"

ಗಾಬರಿಯಲ್ಲಿ ಕೈ ತನ್ನಷ್ಟಕ್ಕೆ ಗುಂಡಿ ಒತ್ತಿತು. ವಿಮಾನ ಓಡಿತು. ಟ್ರ್ಯಾಕ್ಟರು ಅಂಟಿತು. ಮೂಗು ಮೇಲೆತ್ತಿ ವಿಮಾನ, ಅದರ ಹೊಟ್ಟೆಯಡಿ ಟ್ರ್ಯಾಕ್ಟರು, ಅದರ ಹಿಂದೆ ಮೂರು ಟ್ರಾಲಿ ಬಾಲದ ಹಾಗೆ ಮೇಲೇಳತೊಡಗಿದವು. ಆಗ ಲೋಕೇಶ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಬೀಸಿದ.

"ಏಯ್! ನಿಲ್ಸು! ನಿಲ್ಸು! ಟ್ರ್ಯಾಕ್ಟರ್ ಐತೆ ಕೆಳ್ಗೆ! ಮನುಷ್ಯ ಅವ್ನೆ!"

ಪರದೆಯ ಮೇಲೆ ಡ್ರೈವರು ಬಲಗಡೆಯ ಇಂಡಿಕೇಟರು ಹಾಕಿದ.

ಅಕ್ಕನ ಬಾಯಿಂದ ಸೆರಗು ಬಿತ್ತು. ಚೀತ್ಕಾರ, ನಿಶ್ಶಬ್ದ, ಪ್ರವಾಹ. ಅಡಗಿಸಲು ಒಂದು ಮಿಷನ್ನೂ ಓಡುತ್ತಿಲ್ಲ. ಅಮ್ಮನ ತೋಳಿಗೆ ಬಿದ್ದ ಏಟುಗಳನ್ನು ನಾನು ಎಣಿಸಬಹುದಿತ್ತು. ಅವಳು ಚಾಪೆಯ ಮೇಲೆ ಮಗುಚಿಕೊಂಡು ನಗುತ್ತಿದ್ದಳು. ಹುಡುಗ ಎತ್ತಿದ ಕೈ ಎತ್ತಿದ ಹಾಗೆಯೇ ನಿಂತಿದ್ದ. ಅವನ ತಾಯಿ ಕಾಫಿ ಲೋಟವನ್ನು ಕೆಳಗಿಟ್ಟು, "ಊರಿಗ್ ಹೋಗಿ ತಿಳಿಸ್ತೀವಿ," ಎಂದರು. ಇದರ ಅರ್ಥ ನಿಮಗೂ ಗೊತ್ತು.

ಅವರು ಹೋದ ಮೇಲೆ ಅಪ್ಪ ಮೊದಲು ಮಾವನ ಮೇಲೆ ಹರಿಹಾಯ್ದರು. "ಟ್ರ್ಯಾಕ್ಟರ್ ಓಡ್ಸೋದು ಏನ್ ಕಮ್ಮಿ ಕೆಲ್ಸಾನೇನೋ? ನೆಟ್ಟಗೆ ಹೇಳಿದ್ರೆ ನಾನೇನ್ ಬೇಡ ಅಂತಿದ್ನಾ? ನನ್ ಮುಖ ನೋಡಿ ಆ ಹುಡುಗ ಏನಂದ್ಕೊಂಡ್ನೋ!" ಆಮೇಲೆ ಅಕ್ಕನ ಕಡೆ ತಿರುಗಿದರು. ಬೈಯಲು ಬಾಯಿ ತೆರೆದವರು ಬೈಯದೆ, ಬಿದ್ದಿದ್ದ ಕುರ್ಚಿಯನ್ನು ಎತ್ತಿ ಗೋಡೆಗೆ ಸರಿಸಿದರು. ಅದೇ ಅವಳಿಗೆ ತಡೆಯದಾಯಿತು.

"ಅಪ್ಪ, ಇನ್ಮೇಲೆ ನಾನು ಯಾರ್ ಮುಂದೇನೂ ಕೂರಲ್ಲ," ಎಂದಳು. ಅಳುತ್ತಿದ್ದಳು. "ಒಂದ್ ಗಂಟೆ ಬಾಯ್ ಮುಚ್ಕೊಂಡ್ ಕೂರಕ್ಕೇ ನನ್ ಕೈಲಿ ಆಗ್ಲಿಲ್ಲ. ಹಿಂಗ್ ಕೂತಿರೋಳ್ನ ನೋಡಿ ಒಪ್ಕೊಂಡೋರ ಮನೇಲಿ ಜೀವಮಾನ ಪೂರ್ತಿ ಹಂಗೇ ಕೂರ್ಬೇಕಲ್ಲ. ನನ್ನಿಂದ ಆಗಲ್ಲ."

ನನಗೂ ದುಃಖ ಬಂತು. ತಪ್ಪು ನನ್ನದೇ ಎನಿಸಿತು. ಒಂದು ಗುಂಡಿ ಒತ್ತಿ ಅಕ್ಕನ ಮದುವೆ ಮುರಿದ ತಮ್ಮ ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮನೆಯಲ್ಲಿ ಮೂರು ದಿನ ಯಾರೂ ನಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ, ನಾನು ಕಾಲೇಜಿನಿಂದ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಾಗ, ಒಂದು ಬೈಕು ಬಂದು ನಿಂತಿತು. ಮಿಂಚುವ ಪಟ್ಟಿಯ ಹಸಿರು ಜಾಕೆಟ್ಟು ಹಾಕಿಕೊಂಡು, ಡ್ಯೂಟಿ ಮುಗಿಸಿ ನೇರ ಬಂದಿದ್ದ ಲೋಕೇಶ. ಒಬ್ಬನೇ.

ಒಳಗೆ ಎಂಟೂ ಮಿಷನ್ನು ಓಡುತ್ತಿದ್ದವು. ಅವನು ಅಪ್ಪನಿಗೆ ಏನೋ ಹೇಳಿದ, ಅಪ್ಪನಿಗೆ ಕೇಳಲಿಲ್ಲ. ಮತ್ತೆ ಹೇಳಿದ, ಕೇಳಲಿಲ್ಲ. ಕೊನೆಗೆ ಮೆಲುದನಿಯ ಆ ಹುಡುಗ ನಮ್ಮ ಮನೆಯ ಪದ್ಧತಿಗೆ ಬಂದ.

"ಅವ್ರನ್ನ ಒಂದ್ ಮಾತು ಕೇಳ್ಬೇಕು ಸಾರ್!" ಎಂದು ಕೂಗಿದ.

ಅಪ್ಪ ಕೈ ತೋರಿಸಿದರು. ಅಕ್ಕ ನಾಲ್ಕನೆಯ ಮಿಷನ್ನಿನ ಹತ್ತಿರ ಎಳೆ ಗಂಟು ಹಾಕುತ್ತಿದ್ದವಳು ಹಾಗೆಯೇ ನಿಂತಳು. ಇಬ್ಬರ ನಡುವೆ ಮೂರು ಮಿಷನ್ನಿನ ದೂರ. ಶೆಡ್ಡಿನಲ್ಲಿದ್ದ ಎಲ್ಲರೂ ಕೆಲಸ ಮಾಡುವವರ ಹಾಗೆ ನಟಿಸುತ್ತಾ ಕಿವಿ ಕೊಟ್ಟರು.

"ನೀವ್ ಅವತ್ ನಕ್ಕಿದ್ದು ಆ ಡ್ರೈವರ್‌ಗಾ, ನನಗಾ?"

ಬೇರೆ ಯಾರಾದರೂ ಬುದ್ಧಿವಂತೆಯಾಗಿದ್ದರೆ ಡ್ರೈವರಿಗೆ ಎನ್ನುತ್ತಿದ್ದಳು. ಅಕ್ಕ ಒಂದು ಕ್ಷಣ ಯೋಚಿಸಿದಳು, ಅಷ್ಟೆ.

"ಮೊದ್ಲು ಅವನಿಗೆ!" ಎಂದು ಕೂಗಿದಳು. "ಆಮೇಲೆ ನಿಮಗೆ!"

ಅಪ್ಪ ಕಣ್ಣು ಮುಚ್ಚಿಕೊಂಡರು.

"ಯಾಕೆ? ಅವ್ನೂ ಟ್ರ್ಯಾಕ್ಟರ್, ನಾನೂ ಟ್ರ್ಯಾಕ್ಟರ್ ಅಂತಾನಾ?"

"ಅಲ್ಲಾ ರೀ! ಅವ್ನು ಗೊಂಬೆ! ಗೊಂಬೆ ಬಿದ್ದೋಗುತ್ತೆ ಅಂತ ಕುರ್ಚಿ ಬೀಳ್ಸ್ಕೊಂಡು ಎದ್ರಲ್ಲ ನೀವು! ಹಂಗ್ ಎದ್ದೋರ್ನ ನಾನ್ ಎಲ್ಲೂ ನೋಡಿಲ್ಲ!" ಆಮೇಲೆ, ಮಿಷನ್ನಿನ ಸದ್ದಿನಲ್ಲೂ ನಮಗೆಲ್ಲ ಕೇಳುವಷ್ಟು ಕಡಿಮೆ ದನಿಯಲ್ಲಿ, "ನಗು ಬಂತು. ಆದ್ರೆ ನೀವ್ ಎದ್ದಿದ್ದು ಚೆನ್ನಾಗಿತ್ತು," ಎಂದಳು.

ಲೋಕೇಶ ಜಾಕೆಟ್ಟಿನ ಜಿಪ್ಪನ್ನು ಮೇಲೆಳೆದ, ಕೆಳಗೆಳೆದ. ಆಮೇಲೆ ಹೇಳಿದ, ಆ ಭಾನುವಾರದಿಂದ ತನಗೆ ಕೆಲಸ ಮಾಡಲು ಆಗುತ್ತಿಲ್ಲವಂತೆ. ಟ್ರಾಲಿ ಬಿಚ್ಚಿದ ಮೇಲೂ ಇಳಿದು ಎರಡೆರಡು ಸಲ ನೋಡುತ್ತಾನಂತೆ, ನೋಡಿ ಒಬ್ಬನೇ ನಗುತ್ತಾನಂತೆ. ನಿನ್ನೆ ಇಂಡಿಕೇಟರು ಹಾಕಲು ಹೋಗಿ ನಗು ತಡೆಯಲಾರದೆ ಗಾಡಿ ನಿಲ್ಲಿಸಿದನಂತೆ. ಸೂಪರ್‌ವೈಸರು ಬಾಯಿ ಮೂಸಿ ನೋಡಿದರಂತೆ. ಇಷ್ಟನ್ನೂ ಅವನು ಬಹಳ ಗಂಭೀರವಾಗಿ, ತನ್ನ ತೊಂದರೆ ಯಾರಿಗೂ ಬರುವುದು ಬೇಡ ಎನ್ನುವಂತೆ ಹೇಳಿದ. ಅದಕ್ಕೆ ಅಕ್ಕ ನಕ್ಕ ಪರಿ ಏನು ಹೇಳಲಿ. ಈ ಸಲ ಅವನೂ ನಕ್ಕ. ಅವನ ತಾಯಿಯನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಮದುವೆಯ ದಿನ ಪುರೋಹಿತರ ಮೈಕು ಎರಡು ಸಲ ಕೈಕೊಟ್ಟು, ಮಾಂಗಲ್ಯ ಕಟ್ಟುವಾಗಲೇ ಊಟದ ಮನೆಯಿಂದ ಯಾರೋ 'ಸಾಂಬಾರು, ಸಾಂಬಾರು' ಎಂದು ಕೂಗಿದ್ದು ಮೈಕಿನಲ್ಲಿ ಬಂತು. ವಧೂವರರ ಫೋಟೋಗಳಲ್ಲಿ ಒಂದರಲ್ಲೂ ಇಬ್ಬರ ಮುಖ ನೆಟ್ಟಗಿಲ್ಲ.

ಅಕ್ಕ ನಂದಗುಡಿಗೆ ಹೋಗಿ ಒಂದು ವಾರವಾಗಿರಬೇಕು. ಒಂದು ಸಂಜೆ ಅಪ್ಪ ಶೆಡ್ಡಿನಿಂದ ಬಂದವರು ಕೈಕಾಲು ತೊಳೆದುಕೊಂಡು ನನ್ನ ಹಿಂದೆ ಬಂದು ನಿಂತರು. ಆಮೇಲೆ, "ಅದ್ ಹಾಕೋ. ಟ್ರ್ಯಾಕ್ಟರ್ ಹೋಗೋದು," ಎಂದರು.

ಹಾಕಿದೆ. ಇಳಿಸಿ, ಟ್ರ್ಯಾಕ್ಟರು ಬರುವ ತನಕ ಕಾದು, ಎಬ್ಬಿಸಿದೆ. ಮೋಡದ ನಡುವೆ ಡ್ರೈವರು ಎಂದಿನಂತೆ ಮುಂದೆ ನೋಡಿಕೊಂಡು ಕೂತಿದ್ದ. ಅಮ್ಮನೂ ಅಡುಗೆಮನೆಯಿಂದ ಬಂದು ನಿಂತರು. ಮೂವರೂ ನೋಡಿದೆವು. ಮೂವರಿಗೂ ನಗು ಬರಲಿಲ್ಲ. ಇದರಲ್ಲಿ ಇಷ್ಟು ದಿನ ಏನು ಕಂಡು ನಕ್ಕೆವೋ ಎಂದು ಆಶ್ಚರ್ಯವಾಯಿತು.

ಅಪ್ಪ ಜೇಬಿನಿಂದ ಮೊಬೈಲು ತೆಗೆದು ನಂದಗುಡಿಗೆ ಹಚ್ಚಿ, ಸ್ಪೀಕರಿಗೆ ಹಾಕಿದರು. ಅಕ್ಕ ಊಟವಾಯಿತಾ ಎಂದು ಕೇಳಿದಳು. ಅಪ್ಪ ಪರದೆಯನ್ನೇ ನೋಡುತ್ತಾ, ಪಂಚಾಂಗ ಓದುವ ದನಿಯಲ್ಲಿ ಶುರುಮಾಡಿದರು.

"ನೋಡಮ್ಮ, ಎದ್ದೈತೆ. ಈಗ ಮೋಡದ ಮೇಲೈತೆ. ಮೂರ್ ಟ್ರಾಲೀನೂ ಐತೆ, ಒಂದೂ ಬಿದ್ದಿಲ್ಲ. ಅವ್ನು ಆರಾಮಾಗವ್ನೆ. ಈಗ... ಈಗ ಬಲಗಡೆ ಇಂಡಿಕೇಟರ್ ಹಾಕ್ದ."

ಫೋನಿನಲ್ಲಿ ಮೊದಲು ಏನೂ ಕೇಳಲಿಲ್ಲ. ಅಮ್ಮ ಫೋನಿನ ಹತ್ತಿರ ಬಾಗಿದರು. ಆಮೇಲೆ ನಂದಗುಡಿಯ ಆ ಮನೆಯಿಂದ, ಅತ್ತೆ ಮಾವ ಇರುವ ಮನೆಯಿಂದ, ಪೂರ್ತಿಯಾಗಿ, ಒಂದಿಷ್ಟೂ ಅಳುಕಿಲ್ಲದೆ ಬಂತು ಅಕ್ಕನ ನಗು. ಅಪ್ಪ ಸ್ಪೀಕರಿನ ಸದ್ದನ್ನು ಇನ್ನಷ್ಟು ಜಾಸ್ತಿ ಮಾಡಿದರು. ನಾನು ಅಭ್ಯಾಸಬಲದಿಂದ ವಿಮಾನವನ್ನು ರನ್‌ವೇ ಕಡೆ ತಿರುಗಿಸಿದೆ. ಅಪ್ಪ ನನ್ನ ಭುಜ ಹಿಡಿದರು.

"ಇಳಿಸ್ಬೇಡ ಕಣೋ. ಅವ್ಳು ನಗ್ತಿರೋವರ್ಗೂ ಮೇಲೇ ಇರ್ಲಿ."